ಬಿಗಿದ ಮುಚ್ಚಳ

ಇರುವೆಯೊಂದು ಫ್ಲಾಸ್ಕಿನ ಬುಡಕ್ಕೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಿದೆ, ಏನೂ ಸಿಗುವುದಿಲ್ಲ ಹೋಗು, ಇದರಲ್ಲೀಗ ಚಹಾ ಇಲ್ಲ, ಸಕ್ಕರೆ ಇಲ್ಲ, ಇರುವುದು ಇವರು, ಗಂಡನ ಬೂದಿ, ಪ್ರತಿ ಭಾನುವಾರ ಇದೇ ಬಂಡೆಯ ಮೇಲೆ ಕೂತು ಇದೇ ಫ್ಲಾಸ್ಕಿನ ಚಹಾ ಕುಡಿದ ಮನುಷ್ಯ ಈಗ ಅದರೊಳಗೇ ಕೂತಿದ್ದಾರೆ, ಕೆಳಗೆ ಕೆರೆ ಹೊಳೆಯುತ್ತಿದೆ, ಗಾಳಿಯೂ ಆ ಕಡೆಗೇ ಬೀಸುತ್ತಿದೆ, ಎಲ್ಲ ಸರಿಯಾಗಿದೆ, ಮುಚ್ಚಳ ಒಂದು ಬಿಚ್ಚುತ್ತಿಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ, ಮತ್ತೊಮ್ಮೆ ಹಿಡಿದು ತಿರುಗಿಸಿದಳು, ಅಂಗೈ ಕೆಂಪಾಯಿತೇ ಹೊರತು ಮುಚ್ಚಳ ಅಲುಗಲಿಲ್ಲ. ಇದು ಮೈದುನನ ಕೆಲಸ, ಬೆಳಿಗ್ಗೆ ಅವಳು ಮೆಲ್ಲಗೆ ಮುಚ್ಚಿಟ್ಟಿದ್ದನ್ನು ಕೈಗೆತ್ತಿಕೊಂಡು, ದಾರೀಲಿ ಚೆಲ್ಲಿದ್ರೆ ಏನ್ಮಾಡ್ತೀರಿ ಅತ್ತಿಗೆ, ಎಂದು ಒಂದು ತಿರುವು ತಿರುವಿದ್ದ, ಕಿರ್ ಅಂದಿತ್ತು, ಅಣ್ಣ ತಮ್ಮ ಇಬ್ಬರದ್ದೂ ಒಂದೇ ಗ್ಯಾರೇಜು, ಒಂದೇ ಕೈ, ಲಾರಿ ಚಕ್ರಕ್ಕೆ ನಟ್ಟು ಬಿಗಿದ ಕೈ, ಆ ಕೈಗೆ ಮೆಲ್ಲಗೆ ಅನ್ನುವುದೇ ಗೊತ್ತಿಲ್ಲ, ಮನೆಯ ನಲ್ಲಿಗಳೆಲ್ಲ ಹಾಗೇ, ಇವರು ಮುಚ್ಚಿದ ನಲ್ಲಿಯನ್ನು ಇವರೇ ಬಿಚ್ಚಬೇಕು, ಉಪ್ಪಿನ ಡಬ್ಬ, ಅವಳ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಸಣ್ಣ ಕುಪ್ಪಿ ಕೂಡ, ಒಲೆಯ ಮೇಲೆ ಬಾಣಲೆ ಹೊಗೆಯಾಡುತ್ತಿರುವಾಗ ಡಬ್ಬ ಹಿಡಿದು ಹಜಾರಕ್ಕೆ ಓಡುತ್ತಾಳೆ, ರೀ, ಇದನ್ನ ಸ್ವಲ್ಪ ತೆಗೀರಿ, ಇವರು ಪೇಪರಿನಿಂದ ತಲೆ ಎತ್ತದೆ ಕೈ ಚಾಚುತ್ತಾರೆ, ಟಕ್ ಅನ್ನುತ್ತದೆ, ನಾನಿಲ್ದಿದ್ರೆ ಉಪ್ಪಿಲ್ದೇ ಉಣ್ತಿದ್ದೆ ನೀನು, ಮೊದ್ಲು ಹೀಗೆ ಬಿಗಿಯೋದು ಬಿಡಿ, ಬಿಗೀದೇ ಇದ್ರೆ ನನ್ನ ಕರೀತೀಯಾ —

ಬರೀ ಜಂಬ. ಸೆರಗು ಸುತ್ತಿ ತಿರುಗಿಸಿದಳು, ಜಾರಿತು, ಚಪ್ಪಲಿಯ ರಬ್ಬರಿನಿಂದ ಹಿಡಿದರೆ ಹೇಗೆ, ಥೂ, ಚಪ್ಪಲಿಯೇ, ಬಂಡೆಗೆ ಒಂದೇಟು ಕುಟ್ಟೋಣವೆಂದು ಎತ್ತಿದ ಕೈ ಅಲ್ಲೇ ನಿಂತಿತು, ಒಳಗಿರುವವರ ತಲೆ ಯಾವ ಕಡೆಗಿದೆಯೋ, ನಗು ಬಂತು, ನಗುವಿನ ಹಿಂದೆಯೇ ಸಿಟ್ಟು, ಯಾರ ಮೇಲೆಂದು ಗೊತ್ತಾಗದ ಸಿಟ್ಟು, ಇದೊಂದನ್ನಾದರೂ ಒಬ್ಬಳೇ ಮಾಡಬೇಕು ಅಂದುಕೊಂಡಿದ್ದಳು, ಆಸ್ಪತ್ರೆಯಲ್ಲಿ ಎಲ್ಲ ನರ್ಸ್ ಮಾಡಿದಳು, ಸುಡುವಲ್ಲಿ ಗಂಡಸರು ಮುಂದೆ ನಿಂತರು, ಅವಳ ಪಾಲಿಗೆ ಉಳಿದದ್ದು ಇಷ್ಟೇ, ಕೆಳಗೆ ಜೀಪಿನಲ್ಲಿ ಮೈದುನ ಕೂತಿದ್ದಾನೆ, ನಾನೂ ಬರ್ತೀನಿ ಅತ್ತಿಗೆ, ಬೇಡಪ್ಪ, ನಿಮ್ಮೊಬ್ಬರ ಕೈಲಿ ಆಗಲ್ಲ, ಆಗತ್ತೆ, ಬೇಡ ಅಂದೆನಲ್ಲ — ಅಷ್ಟು ದೊಡ್ಡ ಬಾಯಿ ಮಾಡಿ ಹತ್ತಿ ಬಂದು ಈಗ ಇಳಿದು ಹೋಗಿ, ಇದನ್ನ ತೆಗೆದುಕೊಡಪ್ಪ ಎಂದು ಹಲ್ಲು ಗಿಂಜಬೇಕೆ, ತೆಗೆಯುತ್ತಾನೆ, ತೆಗೆದವನು ಸುಮ್ಮನಿರುತ್ತಾನೆಯೇ, ಜೊತೆಗೆ ಹತ್ತಿ ಬರುತ್ತಾನೆ, ಅವನೇ ಚೆಲ್ಲುತ್ತಾನೆ, ಅವಳು ಪಕ್ಕದಲ್ಲಿ ನಿಂತು ನೋಡಬೇಕು, ಹಾರ್ನ್ ಬೇರೆ, ಆಯ್ತು ಇರಪ್ಪ, ನಿಮ್ಮಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಜಾಗ ಯಾಕಿಷ್ಟು ಇಷ್ಟ ನಿಮಗೆ ಅಂತ ಒಮ್ಮೆ ಕೇಳಿದ್ದಳು, ಇಲ್ಲಿ ಬಿಗಿಯೋಕೆ ಏನೂ ಇಲ್ಲ ನೋಡು, ಅಂದಿದ್ದರು, ಕಾಲು ಚಾಚಿ, ಎಷ್ಟು ತೊಳೆದರೂ ಗ್ರೀಸು ಹೋಗದ ಬೆರಳುಗಳನ್ನು ಬಂಡೆಯ ಮೇಲೆ ಸಡಿಲ ಬಿಟ್ಟು, ಅಷ್ಟಾದರೂ ಫ್ಲಾಸ್ಕ್ ಮಾತ್ರ ಇಲ್ಲೂ ಇವರೇ ಬಿಚ್ಚಬೇಕು, ಅವಳು ಎಡಗಡೆ, ಇವರು ಬಲಗಡೆ, ಅವಳು ಚೀಲದಿಂದ ತೆಗೆದು ಕೊಡುವುದು, ಇವರು ಟಕ್ ಅನ್ನಿಸುವುದು, ಮೊದಲ ಲೋಟ ಯಾವಾಗಲೂ ಅವಳಿಗೆ, ಬಿಸಿಲು ಇಳಿಯುತ್ತಿದೆ, ಗಾಳಿ ತಿರುಗಿದರೆ ಎಲ್ಲ ಮುಖಕ್ಕೇ ಬರುತ್ತದೆ, ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಇನ್ನೊಮ್ಮೆ, ಮಣಿಕಟ್ಟು ಚಳಕ್ ಎನ್ನುತ್ತದೆ, ಜೀವಮಾನವೆಲ್ಲ ಕತ್ತರಿ ಹಿಡಿದ ಮಣಿಕಟ್ಟು, ಆಗುವುದಿಲ್ಲ, ಯಾವತ್ತೂ ಹೀಗೇ ಮಾಡಿದಿರಿ ನೀವು, ಹೋಗುವಾಗಲೂ ಹೀಗೇ, ರೀ, ಇದನ್ನ ಸ್ವಲ್ಪ ತೆಗೀರಿ — ಬಾಯಿಂದಲೇ ಬಂತು, ಗಟ್ಟಿಯಾಗಿ, ಕೈಯೂ ತಾನಾಗಿಯೇ ಬಲಗಡೆಗೆ ಹೋಯಿತು, ಬಂಡೆಯ ಆ ಭಾಗ ಬಿಸಿಲಿಗೆ ಇನ್ನೂ ಬೆಚ್ಚಗಿದೆ, ಇರುವೆ ಅಲ್ಲಿಗೂ ಬಂದಿದೆ, ಫ್ಲಾಸ್ಕ್ ಹಿಡಿದ ಕೈ ಚಾಚಿಕೊಂಡೇ ಇದೆ, ಟಕ್ ಅನ್ನಲಿ ಎಂದು ಕಾಯುತ್ತ, ಕೈ ಚಾಚಿಕೊಂಡೇ ಇದೆ