ಹದಿನೆಂಟನೆಯ ನೆರಳು

ಕಾಡೇ ಇರಬಹುದಲ್ಲ? ಒಂಬತ್ತು ವರ್ಷದ ಹುಡುಗನಾಗಿದ್ದಾಗಿನ ತನ್ನ ನೆನಪನ್ನು ನಂಬಿ ಉಪಗ್ರಹವನ್ನು ಸುಳ್ಳುಗಾರ ಅನ್ನುವುದು ಹೇಗೆ? ಆದರೆ ಆ ಇಳಿಜಾರಿನಲ್ಲಿ ಮರಗಳಿದ್ದದ್ದು ಅವನಿಗೆ ನೆನಪೇ ಇಲ್ಲ. ನೆನಪಿರುವುದು ಕಲ್ಲುಗಳು. ಮಣ್ಣು ಜಾರದಿರಲೆಂದು ಅಪ್ಪ ಒಂದರ ಮೇಲೊಂದು ಕೂರಿಸಿ, ಅಂಗೈಯಿಂದ ತಟ್ಟಿ, ಅಲುಗಾಡಿದರೆ ಮತ್ತೆ ತೆಗೆದು ಕೂರಿಸುತ್ತಿದ್ದ ಕಲ್ಲುಗಳು. ಅಂಥ ಗೋಡೆಗಳು ಏಳು. ಅವುಗಳ ನಡುವೆ ಆಲೂಗಡ್ಡೆಯ ಸಾಲು.

ಪರದೆಯ ಎಡಕ್ಕೆ ಇಪ್ಪತ್ತೆರಡು ವರ್ಷ ಹಿಂದಿನ ಚಿತ್ರ, ಬಲಕ್ಕೆ ಈ ವರ್ಷದ್ದು. ಎಡಗಡೆ ಆ ಇಳಿಜಾರು ಕುಡುಗೋಲಿನ ಆಕಾರದ ಕಪ್ಪು ಕಲೆ. ಬಲಗಡೆ ಹೊಲ. ಅದನ್ನು ಕಂಪ್ಯೂಟರ್ ಒಂದೇ ಸಾಲಿನಲ್ಲಿ ಮುಗಿಸಿತ್ತು: ಆಗ ಕಾಡು, ಈಗ ಬೇಸಾಯ.

ಆ ಒಂದು ಸಾಲಿಗೆ ಎಷ್ಟು ತೂಕವಿದೆಯೆಂದು ಜಲಾನಯನ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಟ್ಟದ ಮಣ್ಣು ಕೊಚ್ಚಿ ಬಂದು ಕೆಳಗಿನ ಜಲಾಶಯ ಅರ್ಧ ಹೂತುಹೋಗಿತ್ತು. ಆ ಹಳೆಯ ಚಿತ್ರದಲ್ಲಿ ಕಾಡಾಗಿದ್ದು ಈಗ ಹೊಲವಾಗಿರುವ ಜಾಗವನ್ನೆಲ್ಲ ತೆರವು ಮಾಡಿಸಬೇಕು, ಅದಕ್ಕೂ ಮೊದಲಿನಿಂದ ಉಳುತ್ತಿದ್ದವರನ್ನು ಮುಟ್ಟಬಾರದು ಎಂದು ತೀರ್ಮಾನವಾಗಿತ್ತು. ಯಾವುದು ಯಾವುದೆಂದು ಗುರುತಿಸುವ ಕೆಲಸ ಅವನದು. ದಿನವಿಡೀ ಕಣ್ಣು ಮಿಟುಕಿಸದೆ ಕೂರುತ್ತಿದ್ದುದಕ್ಕೆ ಎದುರು ಮೇಜಿನವನು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದ. ಅವನು ಬೇಸರಪಟ್ಟುಕೊಂಡಿರಲಿಲ್ಲ. ಉತ್ತರ ಕೊಡುವ ಅಭ್ಯಾಸವೇ ಇರಲಿಲ್ಲ.

ಹಳೆಯ ಚಿತ್ರದಲ್ಲಿ ಒಂದು ದೋಷವಿತ್ತು. ಅದನ್ನು ತೆಗೆದದ್ದು ಚಳಿಗಾಲದ ಬೆಳಿಗ್ಗೆ, ಸೂರ್ಯ ಇನ್ನೂ ಕೆಳಗಿದ್ದಾಗ. ಗುಡ್ಡಗಳ ನೆರಳು ಪಶ್ಚಿಮದ ಇಳಿಜಾರುಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ದಟ್ಟ ಕಾಡೂ ಕಪ್ಪು, ನೆರಳೂ ಕಪ್ಪು. ಕಂಪ್ಯೂಟರಿಗೆ ಎರಡೂ ಒಂದೇ. ಅವನು ಒಂದೊಂದನ್ನೇ ಕೈಯಾರೆ ತಿದ್ದುತ್ತ ಬಂದಿದ್ದ. ಹದಿನೇಳು ನೆರಳುಗಳು ಮುಗಿದಿದ್ದವು. ಇದು ಹದಿನೆಂಟನೆಯದು.

ಪರೀಕ್ಷೆ ಎರಡು ನಿಮಿಷದ್ದು. ಮನುಷ್ಯರ ಕಣ್ಣಿಗೆ ಕಾಣದ ಬೆಳಕೊಂದಿದೆ. ಆ ಬೆಳಕಿನ ಚಿತ್ರದಲ್ಲಿ ಎಲೆಗಳು ಹೊಳೆಯುತ್ತವೆ, ನೆರಳು ಅಲ್ಲೂ ಕಪ್ಪಾಗಿಯೇ ಉಳಿಯುತ್ತದೆ. ಅವನು ಆ ಚಿತ್ರವನ್ನು ತೆರೆದ. ಕುಡುಗೋಲು ಕಪ್ಪಾಗಿಯೇ ಇತ್ತು.

ನೆರಳು. ಅನುಮಾನವೇ ಇಲ್ಲ.

ಕಾಡೆಂಬ ಗುರುತನ್ನು ಅಳಿಸಲೆಂದು ಹೋದ ಕೈ ಅಲ್ಲಿಯೇ ನಿಂತಿತು. ಆ ಹೊಲ ಈಗ ಚಿಕ್ಕಪ್ಪನದು. ಅಪ್ಪ ತೀರಿಕೊಂಡು ಮೂರು ತಿಂಗಳಾಗುವುದರೊಳಗೆ ಚಿಕ್ಕಪ್ಪ ಒಂದು ಅರ್ಜಿ ಬರೆದು ಕೊಟ್ಟಿದ್ದ: ಈ ಇಳಿಜಾರಿನಲ್ಲಿ ಬರೀ ಕಾಡು, ಇಲ್ಲಿ ಯಾರೂ ಎಂದೂ ಉತ್ತಿಲ್ಲ, ನನಗೆ ಕೊಟ್ಟರೆ ಸಾಗುವಳಿ ಮಾಡುತ್ತೇನೆ. ಯಾರೂ ಗುಡ್ಡ ಹತ್ತಿ ನೋಡಲಿಲ್ಲ; ಹೊಲ ಅವನ ಹೆಸರಿಗಾಯಿತು. ಅಮ್ಮ ಒಂದು ಹೊಲಿಗೆ ಯಂತ್ರ, ಒಬ್ಬ ಮಗನೊಂದಿಗೆ ಪೇಟೆಗೆ ಇಳಿದಳು. ಹೊರಡುವಾಗ ಚಿಕ್ಕಪ್ಪ ಬಾಗಿಲಲ್ಲೇ ನಿಂತು, “ಅತ್ತಿಗೆ, ಬಾವಿ ಹಗ್ಗ ನಮ್ಮದು, ಬಿಟ್ಟು ಹೋಗಿ,” ಎಂದಿದ್ದ. ಗಂಟಿನ ಹೊರೆ ಕಟ್ಟಿದ್ದ ಹಗ್ಗವನ್ನು ಅಮ್ಮ ಅಲ್ಲಿಯೇ ಬಿಚ್ಚಿ ಕೊಟ್ಟಿದ್ದಳು. ಹಗ್ಗವಿಲ್ಲದ ಹೊರೆ ದಾರಿಯಲ್ಲಿ ಎರಡು ಸಲ ಚೆಲ್ಲಿತು. ಎರಡು ಸಲವೂ ಆಯ್ದವನು ಅವನು.

ಆ ಅರ್ಜಿಯೂ ಈ ನೆರಳೂ ಒಂದೇ ಸುಳ್ಳನ್ನು ಹೇಳುತ್ತಿವೆ ಎಂದು ಅವನಿಗೆ ಹೊಳೆದದ್ದು ಆಗ. ಅವನು ಏನನ್ನೂ ಕಟ್ಟಿ ಹೇಳಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಕಾಡೋ ನೆರಳೋ ಎಂಬ ಅನುಮಾನದ ಪಟ್ಟಿಯಲ್ಲಿದ್ದ ಜಾಗಗಳಿಗೆ ಯಾರಾದರೂ ನಡೆದುಹೋಗಿ ಕಣ್ಣಾರೆ ನೋಡಿ ಬರಬೇಕೆಂಬುದು ಕಚೇರಿಯ ನಿಯಮ. ಹದಿನೆಂಟನೆಯದನ್ನು ಅವನು ಆ ಪಟ್ಟಿಯಿಂದ ತೆಗೆದ. ವರದಿಯ ಕೊನೆಯ ಪುಟದಲ್ಲಿ ಎಂದಿನಂತೆ ಬರೆದ: ಈ ನಕ್ಷೆ ನೂರಕ್ಕೆ ತೊಂಬತ್ತೊಂದರಷ್ಟು ನಿಖರ. ಉಳಿದ ಒಂಬತ್ತರಲ್ಲಿ ಒಂದು ಹೊಲ ಆರಾಮಾಗಿ ಅಡಗಿಕೊಳ್ಳುತ್ತದೆ.

ನೋಟೀಸು ಹೋಯಿತು. ತಕರಾರು ಕೇಳುವ ದಿನ ಚಿಕ್ಕಪ್ಪ ಎಲ್ಲರಿಗಿಂತ ಮೊದಲೇ ಬಂದು, ಬೆಂಚಿನ ತುದಿಯಲ್ಲಿ ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದ. ಕುತ್ತಿಗೆ ಸಣ್ಣಗಾಗಿತ್ತು, ಅಂಗಿಯ ಕಾಲರು ಅದರ ಸುತ್ತ ಸಡಿಲವಾಗಿ ನಿಂತಿತ್ತು. ನಕ್ಷೆಯ ಸುರುಳಿ ಹಿಡಿದು ಒಳಗೆ ಬಂದವನನ್ನು ನೋಡಿ ಮೊದಲು ಎದ್ದು ನಿಂತ, ಅಧಿಕಾರಿಯೆಂದುಕೊಂಡು. ಆಮೇಲೆ ಮುಖವನ್ನು ಹುಡುಕಿ ಅಣ್ಣನ ಹೋಲಿಕೆಯನ್ನು ಕಂಡುಕೊಂಡ.

“ನೀನಾ? ನಾನು ಬದುಕಿಕೊಂಡೆ ಬಿಡು. ಇವನು ನಮ್ಮಣ್ಣನ ಮಗ, ಮೇಡಂ. ಅದೇ ಹೊಲದಲ್ಲಿ ಆಡಿ ಬೆಳೆದವನು. ಇವನನ್ನೇ ಕೇಳಿ.”

ಮೇಡಂ, ಕಚೇರಿಯ ಮುಖ್ಯಸ್ಥೆ, ಪೆನ್ಸಿಲ್ ಕೆತ್ತುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದರು. ನಿಮಗೆ ಇವರು ಚಿಕ್ಕಪ್ಪ ಆಗಬೇಕಾ ಎಂದು ಅವನನ್ನು ಕೇಳಿದರು. ಅವನು ಹೌದೆಂದ. ಅವರು ಕಡತದಿಂದ ಹಳದಿಯಾದ ಕಾಗದವೊಂದನ್ನು ತೆಗೆದು ಚಿಕ್ಕಪ್ಪನ ಮುಂದೆ ಸರಿಸಿ, ಸಹಿ ನಿಮ್ಮದೇ ಅಲ್ಲವೇ ಎಂದರು. ಇಲ್ಲಿ ಬರೀ ಕಾಡಿತ್ತೆಂದು ಬರೆದವರು ನೀವೇ; ಹಾಗಿದ್ದರೆ ಕಡಿದವರೂ ನೀವೇ ಎಂದಾಯಿತಲ್ಲ.

ಚಿಕ್ಕಪ್ಪ ಆ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ಓದಿದ. ತಾನೇ ತೋಡಿದ ಗುಂಡಿಯ ಅಂಚಿನಲ್ಲಿ ನಿಂತಿದ್ದೇನೆಂದು ಅವನಿಗೆ ಅರ್ಥವಾಗುವುದನ್ನು ಅಣ್ಣನ ಮಗ ಗೋಡೆಗೆ ಒರಗಿ ನೋಡುತ್ತಿದ್ದ. ಆ ಮುಖ ಕುಸಿಯುವ ಒಂದೊಂದು ಹಂತವೂ ಅವನಿಗೆ ಬೇಕಿತ್ತು.

“ಸುಳ್ಳು ಬರೆದೆ ತಾಯಿ,” ಎಂದ ಚಿಕ್ಕಪ್ಪ ಕೊನೆಗೆ. “ಕಾಡೇ ಇರಲಿಲ್ಲ. ಅಣ್ಣ ಉಳ್ತಿದ್ದ. ಏಳೂ ಗೋಡೆ ಅವನು ಕಟ್ಟಿದ್ದು. ನಾನು ಒಂದು ಕಲ್ಲೂ ಎತ್ತಿಲ್ಲ. ಬಂದು ನೋಡಿ, ಹಾಗೇ ನಿಂತಿವೆ.”

ಇಪ್ಪತ್ತೆರಡು ವರ್ಷ ಕಾದದ್ದು ಈ ಮಾತಿಗೆ. ಬಂದಾಗ ಅದು ಇಷ್ಟು ಸಣ್ಣ ದನಿಯಲ್ಲಿ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಮನಸ್ಸು ಹಗುರಾಗುತ್ತದೆಂದು ಕಾದ. ಆಗಲಿಲ್ಲ.

ಗೋಡೆಯ ಮೇಲೆ ಕಟ್ಟಿದ ವರ್ಷ ಬರೆದಿರುವುದಿಲ್ಲ, ಕಾಡು ಕಡಿದ ಮೇಲೂ ಕಟ್ಟಿಸಿರಬಹುದು ಎಂದರು ಮೇಡಂ. ಆದರೂ ಅನ್ಯಾಯವಾಗಬಾರದೆಂದೋ ಏನೋ ಅವನ ಕಡೆ ತಿರುಗಿದರು.

“ನೀವು ಏನಂತೀರಿ? ನೆರಳು ಗಿರಳು ಇರಬಹುದಾ?”

ಚಿಕ್ಕಪ್ಪ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ಅವನನ್ನೇ ನೋಡಿದ.

“ಹೇಳು ಮಗಾ. ಆಮೇಲೆ ಹೊಲ ನೀನೇ ತಗೋ. ನಿಮ್ಮಪ್ಪನದು ಅದು.”

“ಅನುಮಾನದ ಪಟ್ಟಿಯಲ್ಲಿ ಆ ಜಾಗ ಇಲ್ಲ ಮೇಡಂ,” ಎಂದ ಅವನು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೇಡಂ ತಲೆಯಾಡಿಸಿ ಬರೆದುಕೊಂಡರು. ಚಿಕ್ಕಪ್ಪ ಎದ್ದು, ಕೊಡೆಯನ್ನು ಬೆಂಚಿನಲ್ಲೇ ಮರೆತು ಹೊರಟ. ಬಾಗಿಲಲ್ಲಿ ಒಮ್ಮೆ ನಿಂತ, ಹಿಂದಿರುಗಿ ನೋಡಲಿಲ್ಲ. ಸ್ವಂತದವರಿಗೂ ಬಗ್ಗದ ಮನುಷ್ಯ ಎಂದು ಮೇಡಂ ಸಂಜೆ ನಾಲ್ಕು ಜನರ ಎದುರಿಗೆ ಅವನನ್ನು ಹೊಗಳಿದರು. ಎದುರು ಮೇಜಿನವನು, “ಗೂಬೆಗೆ ನೆಂಟರೂ ಇದ್ದಾರೆ ಅಂತ ಇವತ್ತೇ ಗೊತ್ತಾಗಿದ್ದು,” ಎಂದು ನಗಿಸಿದ.

ಮನೆಯಲ್ಲಿ ಅಮ್ಮ ಗುಂಡಿ ಹೊಲಿಯುತ್ತಿದ್ದಳು. ನಡೆದದ್ದನ್ನು ಹೇಳಿದ, ಅರ್ಧ. ಚಿಕ್ಕಪ್ಪ ಎಲ್ಲರೆದುರು ಒಪ್ಪಿಕೊಂಡ, ಗೋಡೆ ಕಟ್ಟಿದ್ದು ಅಪ್ಪನೆಂದ ಎಂದು ಹೇಳಿದ. ಅಮ್ಮ ದಾರವನ್ನು ಹಲ್ಲಿನಿಂದ ಕಡಿದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಹಾಗಾದ್ರೆ ನಕ್ಷೆಯಲ್ಲೂ ಹಾಗೇ ಬರೆದ್ರಾ? ಅಪ್ಪನ ಹೊಲ ಅಂತ?”

ಅವನು ನೀರು ಕುಡಿಯಲು ಎದ್ದುಹೋದ.

ಎರಡು ವರ್ಷದ ಮೇಲೆ ಹೊಸ ಚಿತ್ರ ಬಂತು. ಹೊಲ ತೆರವು ಮಾಡಿಸಿ ಇಳಿಜಾರಿನಲ್ಲಿ ನೆಟ್ಟ ಸಸಿಗಳು ಆಳೆತ್ತರ ಬೆಳೆದಿದ್ದವು. ಆ ಕಾಣದ ಬೆಳಕಿನ ಚಿತ್ರ ತೆರೆದರೆ ಕುಡುಗೋಲಿನ ಅಷ್ಟೂ ಜಾಗ ಹೊಳೆಯುತ್ತಿತ್ತು. ಗೋಡೆಗಳು ಎಲೆಗಳ ಅಡಿಯಲ್ಲಿದ್ದವು. ಅಷ್ಟು ಎತ್ತರದಿಂದ ಅವು ಯಾರಿಗೂ ಕಾಣುವಂತಿರಲಿಲ್ಲ. ಆಗ ಕಾಡು, ಈಗಲೂ ಕಾಡು. ಚಿಕ್ಕಪ್ಪ ಅರ್ಜಿಯಲ್ಲಿ ಬರೆದದ್ದನ್ನೇ ಅಣ್ಣನ ಮಗ ನಕ್ಷೆಯಲ್ಲಿ ಕಾಯಂ ಮಾಡಿದ್ದ: ಅಲ್ಲಿ ಯಾರೂ ಎಂದೂ ಉತ್ತಿಲ್ಲ.

ಅದು ಗುಡ್ಡದ ನೆರಳಾಗಿತ್ತೆಂದು ಅವನು ಮೇಡಂಗೆ ಹೇಳಲಿಲ್ಲ, ಚಿಕ್ಕಪ್ಪನಿಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.