ಒಂದೇ ಕಂಪ್ಯೂಟರಿಗೆ ಮೂರು ಕಾವಲು

ಮನೆಯ ಕಂಪ್ಯೂಟರ್ ಒಂದು ವಾರದಿಂದ ತೆವಳುತ್ತಿತ್ತು. ಅದರಲ್ಲೇ ಕಸೂತಿ ವಿನ್ಯಾಸ ಬಿಡಿಸಿ ಅಂಗಡಿಗೆ ಕಳಿಸುವ ಅತ್ತಿಗೆಯ ಕೆಲಸ ನಿಂತುಹೋಗಿತ್ತು. ಅತ್ತಿಗೆ ಕಂಡಕಂಡದ್ದನ್ನೆಲ್ಲ ಇಳಿಸಿಕೊಂಡು ವೈರಸ್ ತಂದಿದ್ದಾರೆ ಎಂದು ಅಣ್ಣನ ಕಿವಿಗೆ ಹಾಕಿದವಳು ನಾನೇ. ಅವನು ಊಟಕ್ಕೆ ಕೂತಾಗ ಎಲ್ಲರೆದುರು ಅವರನ್ನು ಗದರಿದ. ನಾನು ತಟ್ಟೆ ನೋಡುತ್ತಿದ್ದೆ.

ಇವತ್ತು ರಿಪೇರಿಯವನು ಬಂದ. ಪರದೆ ನೋಡಿ ನಕ್ಕುಬಿಟ್ಟ.

"ವೈರಸ್ಸೂ ಇಲ್ಲ, ಮಣ್ಣೂ ಇಲ್ಲ ಸಾರ್. ಮೂರು ಆಂಟಿವೈರಸ್ ಹಾಕಿದೀರಿ. ಒಂದನ್ನೊಂದು ಕಳ್ಳ ಅಂತ ಹಿಡ್ಕೊಂಡು ಜಗಳ ಆಡ್ತಾ ಕೂತಿವೆ. ಯಾರು ಆ ಪುಣ್ಯಾತ್ಮರು?"

ಅಣ್ಣ ಅತ್ತಿಗೆಯತ್ತ ತಿರುಗಿದ. "ಇದೂ ನಿಂದೇ ಕೆಲಸಾನಾ?"

ನನ್ನ ದಿನಚರಿ ಇರುವುದು ಆ ಕಂಪ್ಯೂಟರಿನಲ್ಲಿ. ಅದು ಯಾರ ಕೈಗೂ ಸಿಗದಿರಲಿ ಎಂದು ಆಂಟಿವೈರಸ್ಸುಗಳನ್ನು ಒಂದರ ಮೇಲೊಂದು ಹಾಕಿದ್ದೆ. ಬಾಯಿಬಿಟ್ಟರೆ ಅದೂ ಬಯಲಾಗುತ್ತಿತ್ತು.

"ನಾನು," ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. "ನಾನು ಹಾಕಿದ್ದು ಅಣ್ಣ. ಅತ್ತಿಗೆ ಮೇಲೆ ಸುಮ್ನೆ ಹೇಳ್ಬಿಟ್ಟೆ."

"ಮೂರು ಮೂರು ಯಾಕಮ್ಮ? ಅಂಥಾದ್ದೇನಿದೆ ಒಳಗೆ?" ಎಂದ ರಿಪೇರಿಯವನು.

"ಎರಡು ತೆಗೆದುಬಿಡಿ," ಎಂದರು ಅತ್ತಿಗೆ, ನನ್ನ ಕಡೆ ನೋಡದೆ. "ಅವಳನ್ನೇನೂ ಕೇಳ್ಬೇಡಿ."

ಅವರು ಬೈದಿದ್ದರೆ ಅಲ್ಲೇ ನಿಂತಿರುತ್ತಿದ್ದೆ. ಒಳಗೆ ಹೋಗಿ ಬಾಗಿಲ ಹಿಂದೆ ನಿಂತುಕೊಂಡೆ.