ಆಂಬ್ರೋಸನ ಪಾಲಿನ ಗಂಟೆ

ಲೆವರೆಟ್ ಗಾಫನ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಗಂಡ ಸತ್ತ ಮುದುಕಿ ತಲೆಕೆಟ್ಟು ಏನೇನೋ ಆಡ್ತಾಳೆ ಅನ್ನಬೇಡಿ. ನನ್ನ ತಲೆ ನೆಟ್ಟಗೇ ಇದೆ.

ನಮ್ಮ ಗ್ರಾಟನ್ ಊರಿನಲ್ಲಿ ಮೇ ತಿಂಗಳ ಕೊನೇ ಸೋಮವಾರ ಸಬ್‌ಮರೀನಿನಲ್ಲಿ ಕೆಲಸ ಮಾಡಿದ ಹಳಬರೆಲ್ಲ ನದೀದಂಡೆಯ ಕಲ್ಲುಗೋಡೆ ಮುಂದೆ ಸೇರ್ತಾರೆ. ಆ ವರ್ಷ ತೀರಿಕೊಂಡವರ ಹೆಸರು ಒಬ್ಬ ಓದ್ತಾನೆ, ಅವರ ಬದುಕಿನ ಬಗ್ಗೆ ನಾಲ್ಕು ಮಾತು ಹೇಳ್ತಾನೆ, ಇನ್ನೊಬ್ಬ ಹಿತ್ತಾಳೆ ಗಂಟೆಯ ಹಗ್ಗ ಒಂದು ಸಲ ಎಳೀತಾನೆ. ಒಬ್ಬೊಬ್ಬರಿಗೆ ಒಂದೇ ಒಂದು ಹೊಡೆತ. ಫೆಬ್ರವರಿಯಲ್ಲಿ ನನ್ನ ಗಂಡ ಆಂಬ್ರೋಸ್ ಕೆಟ್ಲರ್ ಸತ್ತ ದಿನದಿಂದ ಆ ಒಂದು ಹೊಡೆತಕ್ಕೋಸ್ಕರ ನಾನು ಜಗಳ ಆಡ್ತಾ ಬಂದೆ.

ಅವರ ಸಂಘದಲ್ಲಿ ಆ ಹೆಸರುಗಳ ಪಟ್ಟಿ ಬರೆಯೋನು ಲೆವರೆಟ್. ಪಟ್ಟಿಗೆ ಸೇರಬೇಕಾದರೆ ಎದೆ ಮೇಲೆ ಡಾಲ್ಫಿನ್ ಬಿಲ್ಲೆ ಇಟ್ಟುಕೊಂಡೇ ನೌಕಾಪಡೆ ಬಿಟ್ಟಿರಬೇಕು. ಆ ಬಿಲ್ಲೆ ಸುಮ್ಮನೆ ಬರೋದಲ್ಲ. ಸಬ್‌ಮರೀನ್ ಬೋಟಿನ ಒಂದೊಂದು ಪೈಪು, ಒಂದೊಂದು ವಾಲ್ವು ಕತ್ತಲಲ್ಲೂ ಮುಟ್ಟಿ ತೋರಿಸಿದವನಿಗೆ ಮಾತ್ರ ಕೊಡ್ತಾರೆ. ಆಂಬ್ರೋಸ್ ಅದನ್ನ ಇಪ್ಪತ್ತೆರಡನೇ ವಯಸ್ಸಿಗೇ ಗಳಿಸಿದ್ದ. ಇಪ್ಪತ್ನಾಲ್ಕಕ್ಕೆ ಕಿತ್ತುಕೊಂಡರು. ಆಗ ನಮ್ಮ ಮದುವೆಯಾಗಿ ಐದೇ ತಿಂಗಳು.

ಆಗಿದ್ದು ಇಷ್ಟು. ಬೋಟು ನೀರೊಳಗೆ ಇಳಿಯೋಕೆ ಮುಂಚೆ ಒಬ್ಬ ವಾಲ್ವುಗಳನ್ನೆಲ್ಲ ಮುಚ್ಚಿ ಪುಸ್ತಕಕ್ಕೆ ಸಹಿ ಹಾಕಬೇಕು. ಅವನ ಹಿಂದೆ ಇನ್ನೊಬ್ಬ ಹೋಗಿ ಪ್ರತಿಯೊಂದನ್ನೂ ಕೈಯಿಟ್ಟು ನೋಡಿ ತಾನೂ ಸಹಿ ಹಾಕಬೇಕು. ಕಣ್ಣಲ್ಲಿ ನೋಡಿದರೆ ಸಾಲದು, ಕೈಯಿಡಬೇಕು. ಆವತ್ತು ಮೊದಲ ಸಹಿ ಲೆವರೆಟ್‌ದು, ಎರಡನೇದು ಆಂಬ್ರೋಸ್‌ದು. ಲೆವರೆಟ್ ಜೀವದ ಗೆಳೆಯ, ಅವನು ಮಾಡಿರ್ತಾನೆ ಬಿಡು ಅಂತ ನನ್ನ ಪೆದ್ದ ಗಂಡ ಕೈಯಿಡದೆ ಸಹಿ ಗೀಚಿದ. ಬೋಟು ಕೆಳಗಿಳಿದ ಮೇಲೆ, ಒಂದು ವಾಲ್ವು ತೆರೆದೇ ಇದ್ದದ್ದರಿಂದ ಅದರ ಕೋಣೆಗೆ ಕಡಲ ನೀರು ನುಗ್ಗಿತು. ನೀರು ಉಳಿದ ಬೋಟಿಗೆ ಹರಡದೆ ಇರಲಿ ಅಂತ ಆಂಬ್ರೋಸ್ ಒಳಗಡೆಯಿಂದ ಕಬ್ಬಿಣದ ಬಾಗಿಲು ಎಳೆದ. ಸಹಾಯಕ್ಕೆ ಓಡಿಬಂದ ಟಲ್ಲಿ ಬ್ರಾಂಡ್‌ವೋಲ್ಡ್ ಅನ್ನೋ ಹುಡುಗನ ಎರಡು ಬೆರಳು ಆ ಬಾಗಿಲಿಗೆ ಸಿಕ್ಕಿ ಹೋದವು. ಸೊಂಟದ ಮಟ್ಟದ ನೀರಲ್ಲಿ ನಿಂತು ಆಂಬ್ರೋಸ್ ಒಬ್ಬನೇ ವಾಲ್ವು ಮುಚ್ಚಿದ. ಬಾಗಿಲು ತೆಗೆದವನೇ ತನ್ನ ಬನಿಯನ್ ಹರಿದು ಟಲ್ಲಿಯ ಕೈಗೆ ಕಟ್ಟಿದ. ಬೋಟು ಉಳೀತು.

ವಿಚಾರಣೆಯಲ್ಲಿ ಕೇಳಿದರು, ಕೈಯಿಟ್ಟು ನೋಡಿದ್ದೆಯಾ ಅಂತ. ಇಲ್ಲ ಅಂದ ಆಂಬ್ರೋಸ್. ಲೆವರೆಟ್ ಮಾತ್ರ ನಾನು ಬೆಳಿಗ್ಗೆ ಮುಚ್ಚಿದ್ದೆ, ಆಮೇಲೆ ಯಾರು ತೆರೆದರೋ ಗೊತ್ತಿಲ್ಲ ಅಂದುಬಿಟ್ಟ. ನಿಜ ಹೇಳಿದವನ ಬಿಲ್ಲೆ ಹೋಯ್ತು. ಇನ್ನೊಬ್ಬ ತನ್ನ ಬಿಲ್ಲೆ ಹಾಕಿಕೊಂಡು ನಲವತ್ತೆಂಟು ವರ್ಷ ಊರೆಲ್ಲ ಮೆರೆದ.

ಆಮೇಲೆ ನನ್ನ ಸಂಸಾರ ಹೇಗಿತ್ತು ಕೇಳಿ. ಮಲಗೋ ಮುಂಚೆ ಆಂಬ್ರೋಸ್ ಒಲೆಯ ನಾಲ್ಕೂ ತಿರುಪನ್ನ ಮುಟ್ಟಬೇಕು, ಬಾಗಿಲ ಚಿಲಕ ಮುಟ್ಟಬೇಕು, ಮತ್ತೆ ಬಂದು ತಿರುಪು ಮುಟ್ಟಬೇಕು. ಸಾಕಾಗಿಹೋಗಿತ್ತು ನನಗೆ. ಪ್ರತಿ ಮೇ ತಿಂಗಳಲ್ಲೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನದೀದಂಡೆಗೆ ಹೋಗಿ, ಕಾರು ನಿಲ್ಲಿಸೋ ಕಡೆಯ ಬೇಲಿ ಆಚೆ ಟೋಪಿ ತೆಗೆದು ನಿಲ್ಲೋನು. ಒಳಗೆ ಬಾ ಅಂತ ಒಬ್ಬನೂ ಕರೀಲಿಲ್ಲ.

ಸಾಯೋಕೆ ಎರಡು ವಾರ ಇರುವಾಗ ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿದ. ನೀರು ನುಗ್ಗಿದ್ದರ ಹಿಂದಿನ ವಾರ ಬೋಟು ಬಂದರಿನಲ್ಲಿದ್ದಾಗ ಆ ವಾಲ್ವಿನ ಚಕ್ರಕ್ಕೆ ಹಸಿರು ಬಣ್ಣ ಬಳಿದಿದ್ದರಂತೆ, ತೆರೆದಿದ್ದ ಹಾಗೇ. ಬಣ್ಣ ಒಣಗಿ ಚಕ್ರ ಅಂಟಿಕೊಂಡುಬಿಟ್ಟಿತ್ತಂತೆ. ನೀರಲ್ಲಿ ನಿಂತು ತಿರುಗಿಸಿದಾಗ ಬಣ್ಣದ ಪೊರೆ ಚಟಚಟ ಅಂತ ಒಡೆದು ಅಂಗೈಗೆಲ್ಲ ಮೆತ್ತಿಕೊಂಡಿತಂತೆ. ಅಂದರೆ ಬಣ್ಣ ಬಳಿದ ಮೇಲೆ ಆ ಚಕ್ರಾನ ಒಬ್ಬನೂ ತಿರುಗಿಸಿಲ್ಲ. ಲೆವರೆಟ್ ಹೇಳಿದ್ದು ಅಪ್ಪಟ ಸುಳ್ಳು. ಇದನ್ನ ಆಗಲೇ ಯಾಕೆ ಬಾಯಿಬಿಡಲಿಲ್ಲ ಅಂತ ರೇಗಿದೆ. ಅವರು ನನ್ನ ಕೈ ಬಗ್ಗೆ ಕೇಳಿದರು, ಅವನ ಕೈ ಬಗ್ಗೆ ಕೇಳಲಿಲ್ಲ ಅಂದ. ಯಾರಿಗೂ ಹೇಳಬೇಡ ಅಂತ ನನ್ನಿಂದ ಮಾತು ತಗೊಂಡ.

ಮಾತು ಕೊಟ್ಟಿದ್ದೆ, ಆದ್ದರಿಂದ ಮೊದಲು ಲೆವರೆಟ್ ಹತ್ತಿರ ಸಭ್ಯವಾಗೇ ಹೋದೆ. ಅವನು ಸಂಘದ ಕೋಣೆಯಲ್ಲಿ ಕೂತು ಡೋನಟ್ ತಿಂತಿದ್ದ. ಏಳೋದಿರಲಿ, ಬಾಯಿ ಕೂಡ ಒರೆಸಿಕೊಳ್ಳಲಿಲ್ಲ. ನಿಯಮ ಅಂದ, ಬಿಲ್ಲೆ ಅಂದ, ನನ್ನ ಕೈಯಲ್ಲೇನಿದೆ ಅಂದ.

"ನೋಡು ವರ್ನಾ, ಕಾಗದದ ಮೇಲೆ ಏನಿದೆಯೋ ಅದೇ ಲೆಕ್ಕ. ಕೈಯಿಡದೆ ಸಹಿ ಹಾಕಿದೋನು ನಿನ್ನ ಗಂಡ."

ಆ ಒಂದು ಮಾತಿಗೆ ನಾನು ಕೊಟ್ಟ ಮಾತು ಮುರೀತು. ಆಂಬ್ರೋಸ್ ಬೈಯೋದಿದ್ದರೆ ನಾನು ಸತ್ತು ಅಲ್ಲಿಗೆ ಹೋದ ಮೇಲೆ ಬೈಯಲಿ. ಸೀದಾ ಟಲ್ಲಿ ಮನೆಗೆ ಹೋದೆ.

ಗಂಟೆ ಎಳೆಯೋನು ಟಲ್ಲಿ. ಪಟ್ಟಿಗೆ ಎರಡನೇ ಸಹಿ ಹಾಕೋನೂ ಅವನೇ, ಯಾಕಂದರೆ ಸಂಘದಲ್ಲೂ ಬೋಟಿನ ಪದ್ಧತಿನೇ. ಒಂದೇ ಊರಲ್ಲಿದ್ದು ನಲವತ್ತೆಂಟು ವರ್ಷ ಅವನು ಆಂಬ್ರೋಸ್ ಹತ್ತಿರ ಮಾತಾಡಿರಲಿಲ್ಲ. ಅಂಗಡಿಯಲ್ಲಿ ಎದುರು ಸಿಕ್ಕರೆ ತಳ್ಳುಗಾಡಿ ತಿರುಗಿಸಿಕೊಂಡು ಹೋಗೋನು. ನನ್ನನ್ನ ಬಾಗಿಲಲ್ಲೇ ನಿಲ್ಲಿಸಿದ, ಒಳಗೆ ಬಾ ಅನ್ನಲಿಲ್ಲ. ನಿನ್ನ ಗಂಡನ ಸುದ್ದಿ ನನಗೆ ಬೇಡ ಅಂದ. ಬೇಡವಾದರೂ ಕೇಳು ಅಂತ ಎಲ್ಲ ಒದರಿದೆ.

ಹಸಿರು ಬಣ್ಣ ಅಂದ ಕೂಡಲೇ ಅವನ ಮುಖ ಬದಲಾಯ್ತು. ಉಳಿದ ಮೂರು ಬೆರಳನ್ನ ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ಆವತ್ತು ಗಾಯ ತೊಳೆಯುವಾಗ ಆ ಬನಿಯನ್ ಬಟ್ಟೆಯಿಂದ ಹಸಿರು ಚೂರುಗಳು ಉದುರಿದ್ದವಂತೆ, ಈ ಕಸ ಎಲ್ಲಿಂದ ಬಂತು ಅಂತ ಬೋಟಿನ ಔಷಧದವನು ಬೈದಿದ್ದನಂತೆ. ಅಷ್ಟು ಹೇಳಿ ಬಾಗಿಲು ಹಾಕಿಕೊಂಡ. ಕೆಲಸ ಕೆಟ್ಟಿತು ಅಂದುಕೊಂಡು ಮನೆಗೆ ಬಂದೆ.

ಮೇ ಕೊನೇ ಸೋಮವಾರ ನಾನು ಬೇಲಿ ಆಚೆ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲೇ ಹೋಗಿ ಕೂತೆ. ಲೆವರೆಟ್ ಕೆಂಗಣ್ಣು ಬಿಟ್ಟ, ನಾನೂ ಬಿಟ್ಟೆ. ಎಂಟು ಹೆಸರಿನ ಪಟ್ಟಿ ಟಲ್ಲಿಯ ಮುಂದಿಟ್ಟ. ಸಹಿಗೆ ಮುಂಚೆ ಎರಡನೆಯವನು ಕೈಯಿಟ್ಟು ನೋಡಿದೆಯಾ ಅಂತ ಕೇಳೋದು, ಮೊದಲನೆಯವನು ನೋಡಿದೆ ಅನ್ನೋದು ಅಲ್ಲಿನ ವಾಡಿಕೆ. ಎಲ್ಲರಿಗೂ ಬಾಯಿಪಾಠ, ಯಾರೂ ಗಮನ ಕೊಡಲ್ಲ.

ಟಲ್ಲಿ ಮೈಕಿನ ಹತ್ತಿರಕ್ಕೆ ಬಂದ.

"ಲೆವರೆಟ್, ಅರವತ್ತಾರನೇ ಇಸವೀಲಿ ಆ ಹಸಿರು ಚಕ್ರಾನ ಕೈಯಿಟ್ಟು ನೋಡಿದ್ದೆಯಾ?"

ಇದು ಆ ಮಾತಿಗೆ ಜಾಗ ಅಲ್ಲ ಅಂತ ಲೆವರೆಟ್ ಗೊಣಗಿದ.

"ಹಂಗಾದ್ರೆ ನಾನು ಸಹಿ ಹಾಕಲ್ಲ," ಅಂದ ಟಲ್ಲಿ. "ಎಂಟು ಜನರ ಹೆಂಡತಿ ಮಕ್ಕಳು ಕೂತಿದ್ದಾರೆ. ಇವತ್ತು ಗಂಟೆ ಇಲ್ಲ ಅಂತ ನೀನೇ ಅವರಿಗೆ ಹೇಳಿ ಕಳಿಸು."

ಲೆವರೆಟ್ ಮುಖ ಸುಣ್ಣದ ಹಾಗಾಯ್ತು. ಎಲ್ಲರನ್ನೂ ನೋಡಿದ, ನನ್ನೊಬ್ಬಳನ್ನ ಬಿಟ್ಟು. ಆಮೇಲೆ ಪೆನ್ನು ತೆಗೆದು ಪಟ್ಟಿಯ ಕೆಳಗೆ ಒಂಬತ್ತನೇ ಹೆಸರು ಬರೆದ. ಟಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು ನೋಡಿ ಸಹಿ ಹಾಕಿದ.

ಎಂಟು ಜನರ ಬದುಕನ್ನೂ ಲೆವರೆಟ್ ಓದಿದ. ಒಬ್ಬ ಒಳ್ಳೇ ಅಡುಗೆಯವನಂತೆ, ಒಬ್ಬ ಚರ್ಚಿನಲ್ಲಿ ಹಾಡ್ತಿದ್ದನಂತೆ. ಕೊನೆಗೆ ಆಂಬ್ರೋಸ್ ಕೆಟ್ಲರ್ ಅಂತ ಬರೀ ಹೆಸರು ಓದಿ ಪಟ್ಟಿ ಮಡಚಿಬಿಟ್ಟ. ಹಗ್ಗ ಹಿಡಿದು ನಿಂತಿದ್ದ ಟಲ್ಲಿ ಮಾತಾಡಿದ.

"ಬಾಗಿಲು ಹಾಕಿ ನನ್ನ ಬೆರಳು ತೆಗೆದ. ನಮ್ಮ ಜೀವ ಉಳಿಸಿದ. ಕೇಳಿದಾಗ ನಿಜ ಹೇಳಿದ."

ಮೂರು ಬೆರಳಲ್ಲಿ ಹಗ್ಗ ಎಳೆದ. ಗಂಟೆ ಹೊಡೀತು. ನಾನು ಅಳಬಾರದು ಅಂತಲೇ ಬಂದಿದ್ದೆ, ಅತ್ತುಬಿಟ್ಟೆ.

ಎಲ್ಲ ಮುಗಿದ ಮೇಲೆ ಟಲ್ಲಿ ಹತ್ತಿರ ಬಂದು, ನಾನು ನಿನ್ನ ಗಂಡನನ್ನ ಕ್ಷಮಿಸಿಲ್ಲ, ತಿಳ್ಕೋ ಅಂದ. ಕ್ಷಮಿಸು ಅಂತ ನಾನೂ ಕೇಳಿಲ್ಲ ಅಂದೆ. ಅವನು ತಲೆ ಆಡಿಸಿ ಹೋದ.

ಅವನ ಹಿಂದೇನೇ ಲೆವರೆಟ್ ಬಂದ. ಜನ ನೋಡ್ತಿದ್ದರಲ್ಲ, ಹಲ್ಲು ಕಿರಿದು ನನ್ನ ಕಡೆ ಕೈ ಚಾಚಿದ. ನಾನು ಆ ಕೈಯನ್ನ ಚೆನ್ನಾಗಿ ನೋಡಿದೆ.

"ಆವತ್ತು ಬೆಳಿಗ್ಗೆ ಇದು ಎಲ್ಲಿತ್ತು ಅಂತ ಹೇಳು, ಹಿಡೀತೀನಿ."

ಅವನು ಕೈ ಹಿಂದಕ್ಕೆ ತಗೊಂಡು ಕೋಟಿನ ಜೇಬಿಗೆ ಇಳಿಸಿದ.